ಘಟ್ಟ ಹತ್ತಿದ ಜೋಲಿ

ಮಗರಪಟ್ಟಾದಲ್ಲಿ ನಾವು ವಾಸಿಸುವ ವಸತಿ ಸಂಕೀರ್ಣದ ಎದುರಿಗೆ ಇನ್ನೊಂದು ಬಹುಮಹಡಿ ಕಟ್ಟಡ ಏಳುತ್ತಿದೆ. ಅಲ್ಲಿ ದುಡಿಯುವ ಹೆಣ್ಣುಮಕ್ಕಳಲ್ಲಿ ಹಲವರು ಯಾದಗಿರಿ, ಕಲಬುರಗಿ ಕಡೆಯವರು. ಸಂಜೆ ಆ ಬೇಲಿಯ ಬದಿಗೆ ನಡೆದುಹೋದರೆ ಊರಿನ ಬಸ್‌ನಿಲ್ದಾಣದಲ್ಲಿ ನಿಂತಷ್ಟು ಕನ್ನಡ ಕಿವಿಗೆ ಬೀಳುತ್ತದೆ. ಕಳೆದ ಶಿವರಾತ್ರಿ ಮುಗಿದ ಮೇಲಿನ ಒಂದು ಶುಕ್ರವಾರ ನಾವು ಆರು ಮಂದಿ ಬೆನ್ನಿಗೆ ಚೀಲ ಏರಿಸಿಕೊಂಡು ಜುನ್ನರದ ದಾರಿ ಹಿಡಿಯಲು ಗಾಡಿಗಾಗಿ ಅದೇ ಬೇಲಿಯ ಪಕ್ಕ ಕಾಯುತ್ತಿದ್ದೆವು. ಚೀಲಗಳ ಗಾತ್ರ ಕಂಡ ಒಬ್ಬ ತಾಯಿ ಒಳಗೇನಿದೆ ಎಂದು ಕೇಳಿದರು. ಹ್ಯಾಮಕ್ ಎಂಬುದನ್ನು ಬಾಯಲ್ಲಿ ವಿವರಿಸಲಾರದೆ ಒಂದನ್ನು ಬಿಚ್ಚಿ ತೋರಿಸಿದೆವು. ಅವರು ಹಿಂದೆ ತಿರುಗಿ, ಕಬ್ಬಿಣದ ಎರಡು ಕಂಬಗಳ ನಡುವೆ ಸೀರೆಯಲ್ಲಿ ಕಟ್ಟಿದ್ದ ಜೋಲಿಯನ್ನೂ ಅದರೊಳಗೆ ಮಲಗಿದ್ದ ಕೂಸನ್ನೂ ನೋಡಿ ನಕ್ಕುಬಿಟ್ಟರು. "ಇದು ಜೋಲಿನ ಅಲ್ಲೇನ್ರೀ ಅಣ್ಣಾರ? ದೊಡ್ಡಾವ್ರಿಗ್ಯಾಕ್ರೀ ಜೋಲಿ?"

ಆ ಪ್ರಶ್ನೆಗೆ ಅಂದು ನಮ್ಮ ಬಳಿ ಉತ್ತರವಿರಲಿಲ್ಲ. ಎರಡು ದಿನ ಅದನ್ನು ಘಟ್ಟದ ಮೇಲೆ ಹೊತ್ತು ತಿರುಗಿದ ಮೇಲೆ, ಮನೆಗೆ ಬಂದು ಪುಸ್ತಕ ತಿರುವಿದ ಮೇಲೆ ಹೊಳೆದದ್ದನ್ನು ಇಲ್ಲಿ ಬರೆಯುತ್ತಿದ್ದೇವೆ. ಪುಣೆಯ ಕನ್ನಡಿಗರು ಇತಿಹಾಸದ ಮಾತು ತೆಗೆದೊಡನೆ ರಾಷ್ಟ್ರಕೂಟರ ತಾಮ್ರಶಾಸನಗಳಲ್ಲಿ ಬರುವ 'ಪುನಕ ವಿಷಯ'ವನ್ನು ಸ್ಮರಿಸಿ ಎದೆಯುಬ್ಬಿಸುವುದು ವಾಡಿಕೆ. ಈ ಸಲ ಆ ಹೆಮ್ಮೆಗೆ ವಿರಾಮ ಕೊಟ್ಟಿದ್ದೇವೆ. ನಮ್ಮ ವಿಷಯ ಒಂದು ತುಂಡು ಬಟ್ಟೆ.

ವಾಸಿಸುವ ನೆಲದ ಬಗ್ಗೆ ಮೊದಲು ಒಂದು ಮಾತು. ಹಡಪಸರದ ಈ ಭಾಗ ಕಳೆದ ಶತಮಾನದ ಕೊನೆಯವರೆಗೂ ಹೊಲ. ಮಗರ ಮನೆತನದ ಸುಮಾರು 120 ಕುಟುಂಬಗಳು ತಮ್ಮ ನಾನ್ನೂರು ಎಕರೆಗೂ ಮಿಕ್ಕಿದ ಜಮೀನನ್ನು ಒಬ್ಬೊಬ್ಬರಾಗಿ ಮಾರಿಕೊಳ್ಳದೆ ಒಟ್ಟುಗೂಡಿಸಿ, ತಾವೇ ಪಾಲುದಾರರಾಗಿ, ಸತೀಶ ಮಗರ ಅವರ ಮುಂದಾಳುತನದಲ್ಲಿ 2000ದ ಸುಮಾರಿಗೆ ಈ ನಗರವನ್ನು ಕಟ್ಟತೊಡಗಿದರು. ಭೂಮಿ ಕಳೆದುಕೊಳ್ಳದೆ ನಗರವಾದ ಹಳ್ಳಿ ಎಂದು ಇದನ್ನು ಹೊಗಳುವವರಿದ್ದಾರೆ, ಹೊಗಳಿಕೆ ಸಲ್ಲುವಂಥದೇ. ಇಲ್ಲಿನ ಸಾಲುಮರಗಳೂ ಹುಲ್ಲುಹಾಸುಗಳೂ ನಮ್ಮಂಥ ವರ್ಗಾವಣೆಯ ನೌಕರರಿಗೆ ಸಿಕ್ಕ ಭಾಗ್ಯ. ಆದರೆ ಇಲ್ಲಿನ ಮರಗಳಿಗೆ ಹ್ಯಾಮಕ್ ಕಟ್ಟಿದರೆ ಕಾವಲುಗಾರ ಓಡಿಬರುತ್ತಾನೆ. ಹಾಗಾಗಿ ವಾರಾಂತ್ಯಕ್ಕೆ ಸಹ್ಯಾದ್ರಿ.

ಈ ಹವ್ಯಾಸದ ಪರಿಚಯವಿಲ್ಲದವರಿಗಾಗಿ ನಾಲ್ಕು ಮಾತು. ಹ್ಯಾಮಕ್ ಎಂದರೆ ಪ್ಯಾರಾಶೂಟಿನಂಥ ತೆಳು ನೈಲಾನ್ ಬಟ್ಟೆ, ತೂಕ ಅರ್ಧ ಕಿಲೋ ಆಸುಪಾಸು. ಅದರ ಎರಡು ತುದಿಗಳನ್ನು ನೆರಿಗೆಯಾಗಿ ಕಟ್ಟಿ, ಹನ್ನೆರಡು ಹದಿನೈದು ಅಡಿ ಅಂತರದ ಎರಡು ಮರಗಳಿಗೆ ಅಗಲವಾದ ಪಟ್ಟಿಗಳಿಂದ ಬಿಗಿಯಬೇಕು. ತೆಳು ಹಗ್ಗವಾದರೆ ತೊಗಟೆಯನ್ನು ಕೊಯ್ಯುತ್ತದೆ. ತಂತಿಯಂತೆ ಎಳೆದು ಕಟ್ಟಬಾರದು, ಸಡಿಲವಾಗಿ ಜೋತಾಡಬೇಕು. ಅದರೊಳಗೆ ಓರೆಯಾಗಿ ಮಲಗಿದರೆ ಬೆನ್ನು ಬಾಗದೆ ಸಪಾಟಾಗಿ ನಿಲ್ಲುತ್ತದೆ, ನೇರವಾಗಿ ಮಲಗಿದವನು ಬಾಳೆಹಣ್ಣಾಗುತ್ತಾನೆ. ಮೇಲೆ ಒಂದು ತಾಡಪತ್ರಿ. ಚಳಿ ಮೇಲಿನಿಂದ ಬರುವುದಿಲ್ಲ, ಕೆಳಗಿನಿಂದ ಬರುತ್ತದೆ ಎಂಬುದು ಮೊದಲ ರಾತ್ರಿಯೇ ತಿಳಿಯುವ ಪಾಠ. ಬೆನ್ನಡಿ ಬೀಸುವ ಗಾಳಿಗೆ ತಡೆಯಿಲ್ಲದಿದ್ದರೆ ಎಷ್ಟು ಹೊದ್ದರೂ ನಡುಕ ತಪ್ಪದು. ಚೀಲದ ತೂಕವನ್ನು ಗ್ರಾಂ ಲೆಕ್ಕದಲ್ಲಿ ಇಳಿಸುವುದು ಈ ಹವ್ಯಾಸದ ಇನ್ನೊಂದು ಚಟ. ನಮ್ಮಲ್ಲೊಬ್ಬರು ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನು ಅರ್ಧಕ್ಕೆ ಕತ್ತರಿಸಿದ್ದಾರೆ.

ಹ್ಯಾಮಕ್ ಎಂಬ ಶಬ್ದದ ತವರು ಕೆರಿಬಿಯನ್ ದ್ವೀಪಗಳು, ಅಲ್ಲಿನ ತೈನೊ ಜನರ 'ಹಮಾಕ'. 1492ರ ಅಕ್ಟೋಬರದಲ್ಲಿ ಬಹಾಮಾ ದ್ವೀಪಗಳಲ್ಲಿದ್ದ ಕೊಲಂಬಸ್, ಇಲ್ಲಿಯ ಜನ ಹತ್ತಿಯ ಬಲೆಗಳಲ್ಲಿ ಮಲಗುತ್ತಾರೆಂದು ತನ್ನ ದಿನಚರಿಯಲ್ಲಿ ಗುರುತಿಸಿಕೊಂಡ. ನೂರು ವರ್ಷ ಕಳೆಯುವಷ್ಟರಲ್ಲಿ ಆ ಬಲೆ ಯುರೋಪಿನ ಹಡಗುಗಳನ್ನೇರಿತ್ತು. ಇಂಗ್ಲೆಂಡಿನ ನೌಕಾಪಡೆ 1597ರಲ್ಲಿ ತನ್ನ ನಾವಿಕರಿಗೆ ಅದನ್ನು ಅಧಿಕೃತವಾಗಿ ಒದಗಿಸಿತು. ಮುಂದೆ ಆ ಹಡಗುಗಳಲ್ಲಿ ಒಬ್ಬೊಬ್ಬ ನಾವಿಕನಿಗೆ ಲೆಕ್ಕಹಾಕಿದ ಜಾಗ ಹದಿನಾಲ್ಕು ಅಂಗುಲ. ಸತ್ತರೆ ಅದೇ ಹ್ಯಾಮಕ್ಕಿನಲ್ಲಿ ಹೊಲಿದು ಕಡಲಿಗೆ ಬಿಡುತ್ತಿದ್ದರು. ಇಂಗ್ಲಿಷ್ ಪುಸ್ತಕಗಳು ಹೇಳುವ ಹ್ಯಾಮಕ್ಕಿನ ಚರಿತ್ರೆ ಸಾಮಾನ್ಯವಾಗಿ ಈ ಜಾಡಿನಲ್ಲೇ ಸಾಗಿ ರಜೆಯ ಕಡಲತೀರದ ತೆಂಗಿನಮರಗಳಿಗೆ ಬಂದು ಮುಗಿಯುತ್ತದೆ.

ಆ ಚರಿತ್ರೆಯಲ್ಲಿ ನಮ್ಮ ಘಟ್ಟಗಳಿಲ್ಲ. ಇರಬೇಕಿತ್ತು ಎಂಬುದು ನಮ್ಮ ತಕರಾರು.

ಇಂಗ್ಲಿಷ್ ಎಂ.ಎ. ಓದಿದ ನಮ್ಮಂಥವರಿಗೆ 1886ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಕೋಶ ಒಂದು ದೌರ್ಬಲ್ಯ. ಇಂಡಿಯಾದ ಬ್ರಿಟಿಷರ ಬಾಯಲ್ಲಿ ತಿರುಚಿಕೊಂಡ ದೇಶೀ ಪದಗಳ ಆ ಬೃಹತ್ ಸಂಗ್ರಹವನ್ನು ಯೂಲ್ ಜೊತೆ ಸೇರಿ ರಚಿಸಿದ ಬರ್ನೆಲ್ ಮಂಗಳೂರಿನಲ್ಲೂ ಅಧಿಕಾರಿಯಾಗಿ ಕೆಲಸ ಮಾಡಿದವನು. ಅದರಲ್ಲಿ 'ಮಂಚೀಲ್' ಎಂಬ ಒಂದು ಪದವಿದೆ. ಪಶ್ಚಿಮ ಕರಾವಳಿಯಲ್ಲಿ ಪಲ್ಲಕ್ಕಿಗೆ ಬದಲಾಗಿ ಬಳಸುವ ಹ್ಯಾಮಕ್ಕಿನಂಥ ವಾಹನವೆಂದು ಅದಕ್ಕೆ ಅರ್ಥ ಹೇಳಿದೆ. ಉದ್ದನೆಯ ಗಳುವಿಗೆ ಬಟ್ಟೆಯನ್ನೋ ಬಲೆಯನ್ನೋ ಇಳಿಬಿಟ್ಟು, ಅದರೊಳಗೆ ಮನುಷ್ಯನನ್ನು ಮಲಗಿಸಿ, ಗಳುವನ್ನು ಹೆಗಲ ಮೇಲೆ ಹೊರುವುದು. ನಮ್ಮ ಕರಾವಳಿಯ ಹಳಬರು ಮಂಚಲು ಎನ್ನುತ್ತಿದ್ದುದು ಇದನ್ನೇ. ಹಿಮಾಲಯದ ಕಡೆ ಇದೇ 'ದಂಡಿ'. ಅದೇ ಕೋಶದಲ್ಲಿ 'ಅಂಡೋರ್' ಎಂಬ ಇನ್ನೊಂದು ಪದದ ಕೆಳಗೆ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯ ಸಾಕ್ಷ್ಯವಿದೆ. 1623ರಲ್ಲಿ ಗೋವೆಯಲ್ಲಿದ್ದ ಅವನು ಹೆಗಲ ಮೇಲೆ ಹೊರುವ ಮೂರು ಬಗೆಯ ವಾಹನಗಳನ್ನು ವಿಂಗಡಿಸಿದ್ದಾನೆ. ಮೊದಲನೆಯದು ಬರೀ ಬಲೆ, ಎರಡನೆಯದು ಅಂಡೋರ್, ಮೂರನೆಯದು ಪಲ್ಲಕ್ಕಿ. ಬಲೆಗೂ ಅಂಡೋರಿಗೂ ಗಳು ನೇರ, ಪಲ್ಲಕ್ಕಿಯದು ಮಾತ್ರ ಕಮಾನಿನಂತೆ ಮೇಲಕ್ಕೆ ಬಾಗಿದ್ದು ಎಂಬಷ್ಟು ನಿಖರವಾಗಿ ನೋಡಿದ್ದಾನೆ.

ಪೋರ್ಚುಗೀಸರು ಬ್ರೆಜಿಲ್‌ನಲ್ಲಿ ಹ್ಯಾಮಕ್ಕನ್ನು ಬಲೆ ಎಂದೇ ಕರೆದು, ಗಳುವಿಗೆ ಕಟ್ಟಿಸಿ ಗುಲಾಮರ ಹೆಗಲೇರಿದವರು. ಹಾಗಾದರೆ ಗೋವೆಯ ಬಲೆ ಅವರೇ ತಂದದ್ದೋ? ಹಾಗೆನ್ನಲು ನಮಗೆ ಧೈರ್ಯವಿಲ್ಲ, ಏಕೆಂದರೆ ಅವರು ಬರುವುದಕ್ಕೆ ನೂರೈವತ್ತು ವರ್ಷಗಳ ಮುಂಚೆಯೇ ಇಬ್ನ್ ಬತೂತ ಈ ಕರಾವಳಿಯಲ್ಲಿ ನಡೆದುಹೋಗಿದ್ದ. ಅವನ ಮಲಬಾರ ಗೋವೆಯಿಂದ ಕೊಲ್ಲಂವರೆಗಿನದು. ಹೊನ್ನಾವರ, ಬಾರಕೂರು, ಮಂಗಳೂರುಗಳು ಅದರ ದಾರಿಯಲ್ಲೇ ಬರುತ್ತವೆ. ಇಲ್ಲಿಯ ಮುಖ್ಯ ವಾಹನ ಡೋಲಿ, ಅದನ್ನು ಗುಲಾಮರೂ ಕೂಲಿಯವರೂ ಹೆಗಲ ಮೇಲೆ ಹೊರುತ್ತಾರೆ, ಡೋಲಿ ಏರದವನು ಯಾರೇ ಆಗಿರಲಿ ನಡೆದೇ ಹೋಗಬೇಕು ಎಂಬರ್ಥದ ಮಾತನ್ನು ಅವನು ಬರೆದಿಟ್ಟಿದ್ದಾನೆ. ಬಟ್ಟೆಯನ್ನು ಇಳಿಬಿಟ್ಟು ಅದರಲ್ಲಿ ಮಲಗುವುದನ್ನು ನಮಗೆ ಯಾರೂ ಹೊರಗಿನಿಂದ ಕಲಿಸಬೇಕಾಗಿರಲಿಲ್ಲ. ಜೋಲು ಎಂದರೆ ಇಳಿಬೀಳು. ಜೋಲಿ, ಜೋಳಿಗೆ, ಮರಾಠಿಯ ಝೋಳಿ ಇವೆಲ್ಲ ಒಂದೇ ಬೇರಿನವೋ ಅಲ್ಲವೋ ಭಾಷಾಶಾಸ್ತ್ರಜ್ಞರು ಹೇಳಲಿ. ನಮಗೆ ಮುಖ್ಯವಾಗಿ ಕಂಡದ್ದು ಬೇರೆ. ತೈನೊ ಜನರು ಅದನ್ನು ಎರಡು ಮರಗಳಿಗೆ ಕಟ್ಟಿದರು. ನಮ್ಮಲ್ಲಿ ಕೂಸುಗಳದ್ದು ಮರಕ್ಕೆ, ದೊಡ್ಡವರದ್ದು ಬಹುಪಾಲು ಇನ್ನೊಬ್ಬರ ಹೆಗಲಿಗೆ.

ದೆಲ್ಲಾ ವಾಲ್ಲೆ ಆ ವರ್ಷದ ಕೊನೆಗೆ ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರ, ಗೇರುಸೊಪ್ಪೆಗಳ ಮೂಲಕ ಘಟ್ಟ ಹತ್ತಿ ವೆಂಕಟಪ್ಪ ನಾಯಕನ ಇಕ್ಕೇರಿಗೆ ಹೋದ. ಘಟ್ಟದ ದಾರಿಯಲ್ಲಿ ಒಂದು ಗುಡಿಯ ಜಗಲಿಯ ಮೇಲೆ ಅವನು ಕಂಡ ನೋಟ ನಮ್ಮ ಶಿಕ್ಷಣದ ಚರಿತ್ರೆ ಬರೆಯುವವರಿಗೆಲ್ಲ ಪ್ರಿಯವಾದದ್ದು. ನಾಲ್ವರು ಹುಡುಗರು ನೆಲದ ಮೇಲೆ ಮರಳು ಹರವಿ, ಬೆರಳಿನಿಂದ ಅಂಕಿ ಬರೆಯುತ್ತ, ಒಟ್ಟಾಗಿ ರಾಗವಾಗಿ ಹೇಳುತ್ತ ಲೆಕ್ಕ ಕಲಿಯುತ್ತಿದ್ದರು. ತಪ್ಪಾದರೆ ತಿದ್ದುವವರು ಯಾರೆಂದು ಕೇಳಿದ್ದಕ್ಕೆ, ನಾಲ್ವರಿಗೂ ಒಮ್ಮೆಗೇ ತಪ್ಪುವುದುಂಟೇ ಎಂಬಂಥ ಉತ್ತರ ಕೊಟ್ಟರಂತೆ. ನಾವೂ ಇದನ್ನು ಹಿಂದೆ ಓದಿ ಸಂತೋಷಪಟ್ಟವರೇ. ಈ ಸಲ ಮತ್ತೆ ಓದುವಾಗ ಕಣ್ಣು ಬೇರೊಂದು ಕಡೆ ನಿಂತಿತು. ಅವನಿಗೆ ಆ ಹುಡುಗರನ್ನು ನೋಡುತ್ತ ಕೂರಲು ಬಿಡುವು ದೊರೆತದ್ದು, ಆ ಹೊತ್ತಿಗೆ ಅವರ ಹೊರೆಗಳನ್ನು ಸಜ್ಜುಗೊಳಿಸುತ್ತಿದ್ದರು ಎಂಬ ಕಾರಣಕ್ಕೆ. ಕಟ್ಟುತ್ತಿದ್ದವರು ಎಷ್ಟು ಮಂದಿ, ಅವರ ಮುಖ ಹೇಗಿತ್ತು? ಲೆಕ್ಕ ಕಲಿಯುತ್ತಿದ್ದ ನಾಲ್ವರು ಚರಿತ್ರೆಯೊಳಗೆ ಬಂದರು, ಹೊರೆ ಕಟ್ಟುತ್ತಿದ್ದವರು ಜಗಲಿಯ ಕೆಳಗೇ ಉಳಿದರು.

ನಾವು ಹೊರಟದ್ದು ನಾಣೇಘಾಟಿಗೆ. ಪುಣೆಯಿಂದ ನಾರಾಯಣಗಾಂವ, ಜುನ್ನರ ದಾಟಿ ಘಾಟ್‌ಘರ್ ಎಂಬ ಹಳ್ಳಿಯವರೆಗೆ ರಸ್ತೆಯಿದೆ. ಕೈಬೆರಳಿನಷ್ಟು ದೂರದಲ್ಲೇ ನಿಂತಂತೆ ಕಾಣುವ ಜೀವಧನ ಕೋಟೆ. ಆ ಎತ್ತರದ ಬಯಲಿನಲ್ಲಿ ಗಾಳಿ ಬಲು ಬಿರುಸು, ಹ್ಯಾಮಕ್ಕಿಗೆ ತಕ್ಕ ಮರಗಳು ಊರಿನ ಬದಿಯ ಇಳಿಜಾರಿನಲ್ಲಿ ಮಾತ್ರ. ಅಲ್ಲಿ ಪಟ್ಟಿ ಬಿಗಿಯುತ್ತಿದ್ದಾಗ ಊರಿನ ಹಿರಿಯರೊಬ್ಬರು ಬಂದು, ಇದು ಹಿರಡಾ ಮರ, ಟೊಂಗೆ ಮುರಿಯಬೇಡಿ ಎಂದರು. ನಮ್ಮ ಅಳಲೆಕಾಯಿ ಮರ. ಜುನ್ನರ, ಆಂಬೇಗಾಂವ ತಾಲೂಕುಗಳ ಮಹಾದೇವ ಕೋಳಿ ಆದಿವಾಸಿಗಳಿಗೆ ಇದರ ಎಳೆಗಾಯಿಯನ್ನು ಕಿತ್ತು, ಒಣಗಿಸಿ, 'ಬಾಳಹಿರಡಾ' ಎಂದು ಮಾರುವುದು ವರ್ಷದ ಮುಖ್ಯ ನಗದು ಆದಾಯ. ನಮಗೆ ಅದು ಎರಡು ಕಂಬಗಳಲ್ಲಿ ಒಂದಾಗಿ ಕಂಡಿತ್ತು. ಕ್ಷಮೆ ಕೇಳಿ, ಅವರೇ ತೋರಿಸಿದ ಬೇರೆ ಮರಗಳಿಗೆ ಕಟ್ಟಿಕೊಂಡೆವು. ರಾತ್ರಿ ಅವರ ಮನೆಯಲ್ಲೇ ಪಿಠಲ-ಭಾಕರಿ. ಕಾಡಿನಲ್ಲಿ ಬೆಂಕಿ ಹಚ್ಚುವ ಮೋಜು ನಮಗೂ ಬೇಡವಾಗಿತ್ತು.

ಮರುದಿನ ಘಾಟಿನ ಬಾಯಿಗೆ ಹೋದೆವು. ಕಲ್ಯಾಣ, ಸೋಪಾರಾ ಬಂದರುಗಳಲ್ಲಿ ಇಳಿದ ಸರಕು ಜುನ್ನರಕ್ಕೂ ಅಲ್ಲಿಂದ ಪೈಠಣಕ್ಕೂ ಏರಿದ ದಾರಿಗಳಲ್ಲಿ ಇದು ಪ್ರಮುಖವಾದದ್ದು. ಬಾಯಿಯ ಬಳಿ ಕಲ್ಲಿನ ಒಂದು ಭಾರಿ ಹರವಿ. ಸುಂಕದ ನಾಣ್ಯ ಹಾಕುತ್ತಿದ್ದುದು ಇದರಲ್ಲೇ ಎಂದು ಜನ ಹೇಳುತ್ತಾರೆ. ಸ್ವಲ್ಪ ಕೆಳಗೆ ಬಂಡೆಯಲ್ಲಿ ಕೊರೆದ ಕೋಣೆ, ಅದರ ಗೋಡೆಗಳ ಮೇಲೆ ಬ್ರಾಹ್ಮಿಯಲ್ಲಿ ಸಾತವಾಹನ ರಾಣಿ ನಾಗನಿಕೆಯ ಪ್ರಾಕೃತ ಶಾಸನ. ಹಿಂಗೋಡೆಯಲ್ಲಿ ರಾಜಕುಟುಂಬದವರ ಪ್ರತಿಮೆಗಳಿದ್ದವು. ಸಿಮುಕ, ಸಾತಕರ್ಣಿ, ನಾಗನಿಕೆ, ಕುಮಾರರು, ಒಬ್ಬ ಮಹಾರಠಿ ಹೀಗೆ ಮೇಲೆ ಹೆಸರುಗಳು ಉಳಿದಿವೆ, ಕೆಳಗೆ ಪಾದಗಳ ಗುರುತು ಉಳಿದಿದೆ. ನಡುವಿನ ದೇಹಗಳೆಲ್ಲ ಒಡೆದು ಹೋಗಿವೆ. ಆ ಮಹಾರಠಿ ಎಂಬ ಬಿರುದು ಕನ್ನಡಿಗರಿಗೆ ಅಪರಿಚಿತವಲ್ಲ, ಚಿತ್ರದುರ್ಗದ ಕಡೆ ದೊರೆತ ಸೀಸದ ನಾಣ್ಯಗಳಲ್ಲೂ ಅದೇ ಬಿರುದಿದೆ. ಶಾಸನದ ತುಂಬ ಯಜ್ಞಗಳೂ ದಾನಗಳೂ. ಅಶ್ವಮೇಧ, ರಾಜಸೂಯ, ಸಾವಿರಗಟ್ಟಲೆ ಗೋವುಗಳು, ಆನೆ, ಕುದುರೆ, ಬೆಳ್ಳಿಯ ಪಾತ್ರೆಗಳು. ಬ್ಯೂಲರ್ ಮಾಡಿದ ಅನುವಾದದ ಪ್ರಕಾರ ಒಂದು ಯಜ್ಞಕ್ಕೆ ದಕ್ಷಿಣೆ 24,400 ಕಾರ್ಷಾಪಣ, ನೋಡಬಂದವರಿಗೂ ಪರಿಚಾರಕರಿಗೂ ಕೊಟ್ಟದ್ದು 6,001. ಹೊರುವವರ ದಾರಿಯಲ್ಲಿ ನಿಂತ ಶಾಸನದಲ್ಲಿ ದುಡಿಯುವವರ ಪಾಲಿನ ಸುಳಿವು ಸಿಕ್ಕಿದ್ದು ಆ ಒಂದು ಸಾಲಿನಲ್ಲಿ. ದಿನಭತ್ಯೆಯ ಬಿಲ್ಲು ಬರೆದು ರೂಢಿಯಾದ ನಾವು ಅಂಥ ಸಾಲುಗಳನ್ನು ಬೇಗ ಗುರುತಿಸುತ್ತೇವೆ.

ಹೊರುವುದಕ್ಕೆ ಕೂಲಿ ಇತ್ತೇ, ಬಿಟ್ಟಿಯೇ ಎಂಬುದು ಈ ದೇಶದ ಹಳೆಯ ಜಗಳ. ಕ್ರಿ.ಶ. 150ರ ಸುಮಾರಿನ ಜುನಾಗಢ ಶಾಸನದಲ್ಲಿ ರುದ್ರದಾಮ, ತಾನು ಕೆರೆಯನ್ನು ದುರಸ್ತಿ ಮಾಡಿಸಿದ್ದು ಪ್ರಜೆಗಳಿಂದ ವಿಷ್ಟಿ ದುಡಿಸಿಕೊಳ್ಳದೆ ಎಂದು ಹೇಳಿಕೊಂಡ. ಹೇಳಿಕೊಳ್ಳುವಂಥ ಸಂಗತಿಯಾಗಿತ್ತೆಂದರೆ ದುಡಿಸಿಕೊಳ್ಳುವುದೇ ರೂಢಿ ಎಂದಾಯಿತು. ಆ ವಿಷ್ಟಿಯೇ ನಮ್ಮ ಕನ್ನಡ ಶಾಸನಗಳ ಬಿಟ್ಟಿ. ಬ್ರಿಟಿಷರ ಕಾಲದಲ್ಲಿ ಕುಮಾವೂಂ ಬೆಟ್ಟಗಳ ಹಳ್ಳಿಗರು ಅಧಿಕಾರಿಗಳ ಸಾಮಾನನ್ನು ಸರದಿಯಂತೆ ಹೊರಲೇಬೇಕಿತ್ತು. 1921ರ ಜನವರಿಯಲ್ಲಿ ಬಾಗೇಶ್ವರದಲ್ಲಿ ನೆರೆದ ಜನ ಆ ಸರದಿಯ ದಾಖಲೆ ಪುಸ್ತಕಗಳನ್ನು ಸರಯೂ ನದಿಗೆ ಎಸೆದರು. ನಮ್ಮ ಪಕ್ಕದ ಬೋರಘಾಟಿನಲ್ಲಿ 1830ರಲ್ಲಿ ಗಾಡಿರಸ್ತೆ, 1863ರಲ್ಲಿ ರೈಲು ಬಂದು ಪಲ್ಲಕ್ಕಿ ಹೊರುವ ಬೋಯಿಗಳ ಹೆಗಲು ಇಳಿಯಿತು. ಆದರೆ ಅದೇ ಸಹ್ಯಾದ್ರಿಯ ಮಾಥೇರಾನಿನಲ್ಲಿ ಮನುಷ್ಯ ಮನುಷ್ಯನನ್ನು ಎಳೆಯುವ ರಿಕ್ಷಾಗಳನ್ನು ಆರು ತಿಂಗಳೊಳಗೆ ನಿಲ್ಲಿಸಿರೆಂದು ಸರ್ವೋಚ್ಚ ನ್ಯಾಯಾಲಯ ಹೇಳಬೇಕಾಗಿ ಬಂದದ್ದು 2025ರ ಆಗಸ್ಟಿನಲ್ಲಿ.

ಇಷ್ಟೆಲ್ಲ ಆಮೇಲೆ ಓದಿದ್ದು. ಭಾನುವಾರ ಬೆಳಿಗ್ಗೆ ನಾವು ಇದನ್ನೇನೂ ಯೋಚಿಸದೆ, ಹಳೆಯ ಕಲ್ಲುಮೆಟ್ಟಿಲುಗಳಲ್ಲಿ ಕೊಂಕಣದ ಕಡೆಗೆ ಅರ್ಧ ಘಟ್ಟ ಇಳಿದು ಮರಳಿ ಹತ್ತುತ್ತಿದ್ದೆವು. ಶತಮಾನಗಳ ಕಾಲುಗಳು ನುಣ್ಣಗೆ ಸವೆಸಿದ ಮೆಟ್ಟಿಲು, ಮೇಲೆ ಒಣಗಿದ ಎಲೆ. ನಮ್ಮಲ್ಲಿ ಹಿರಿಯರು, ಐವತ್ತು ದಾಟಿದ ಬ್ಯಾಂಕ್ ಅಧಿಕಾರಿ, ಜಾರಿ ಬಿದ್ದರು. ಪಾದ ಹೊರಳಿದ ರೀತಿ ನೋಡಿದರೆ ಬರೀ ಉಳುಕಲ್ಲ ಎಂಬುದು ಎಲ್ಲರಿಗೂ ತಿಳಿಯಿತು. ನಾವು ಐವರೂ ಕೈಕೈ ಹಿಡಿದು ಅವರನ್ನು ಎತ್ತಿ ಹತ್ತು ಮೆಟ್ಟಿಲು ಏರುವುದರಲ್ಲಿ ಎರಡು ಸಲ ಮುಗ್ಗರಿಸಿದೆವು. ಗ್ರಾಂ ಲೆಕ್ಕದಲ್ಲಿ ಚೀಲ ತೂಗುತ್ತಿದ್ದವರ ಮುಂದೆ ಎಂಬತ್ತು ಕಿಲೋ ಮೀರಿದ ಒಬ್ಬ ಸ್ನೇಹಿತ.

ಫೋನಿಗೆ ಸಂಕೇತ ಸಿಕ್ಕಿತು. ನಿನ್ನೆ ಊಟ ಹಾಕಿದ ಕಾಕಾ ಮೂವರನ್ನು ಕರೆದುಕೊಂಡು, ಹೆಗಲ ಮೇಲೊಂದು ಬಿದಿರು ಹೊತ್ತು ಮುಕ್ಕಾಲು ಗಂಟೆಯಲ್ಲಿ ಬಂದರು. ಕಂಬಳಿಯೂ ತಂದಿದ್ದರು. ನಮ್ಮ ಚೀಲದಿಂದ ಇಣುಕುತ್ತಿದ್ದ ಹ್ಯಾಮಕ್ಕನ್ನು ಎಳೆದು ಬೆರಳಲ್ಲಿ ಉಜ್ಜಿ ನೋಡಿ, ಕಂಬಳಿಯನ್ನು ಪಕ್ಕಕ್ಕಿಟ್ಟರು. ಬಳಸುವ ವಿಧಾನ ಹೇಳಿಕೊಡಲು ಬಾಯಿ ತೆರೆದ ನಾವು ಬೇಗನೆ ಸುಮ್ಮನಾದೆವು. ನೈಲಾನು ಜೋತಾಡುತ್ತದೆಂದು ಅದನ್ನು ಎರಡು ಮಡಿಕೆ ಮಾಡಿದರು. ಓರೆಯಾಗಿ ಮಲಗುವ ನಮ್ಮ ಶಾಸ್ತ್ರ ಇಲ್ಲಿ ನಡೆಯುವುದಿಲ್ಲ, ಕೈಕಾಲು ಹೊರಚಾಚಿದರೆ ಬಂಡೆಗೆ ಬಡಿಯುತ್ತದೆ. ನೇರವಾಗಿ, ಬಿದಿರಿಗೆ ಆದಷ್ಟು ಹತ್ತಿರವಾಗಿ ಬಿಗಿದರು. ಹತ್ತುವಾಗ ತಲೆ ಮುಂದೆ ಇರಬೇಕು, ಇಲ್ಲವಾದರೆ ರಕ್ತ ತಲೆಗಿಳಿಯುತ್ತದೆ. ಇಬ್ಬರು ಹೊತ್ತರು, ಒಬ್ಬರು ಮುಂದೆ ದಾರಿ ನೋಡಿ ಕೂಗಿ ಹೇಳುತ್ತ ಹೋದರು, ಒಬ್ಬರು ಬದಿಯಲ್ಲಿ ತೂಗಾಟ ತಡೆಯುತ್ತ ನಡೆದರು. ಒಂದು ಸಣ್ಣ ಹೂಂಕಾರಕ್ಕೆ ನಿಲ್ಲದೆಯೇ ಹೆಗಲು ಬದಲಾಗುತ್ತಿತ್ತು. ನಾವೂ ಹೆಗಲು ಕೊಡುತ್ತೇವೆಂದಾಗ ಸಮತಟ್ಟಾದ ಎರಡು ಕಡೆ ಕೊಟ್ಟರು. ಅಷ್ಟಕ್ಕೇ ನಮ್ಮಲ್ಲೊಬ್ಬರ ಹೆಗಲ ಚರ್ಮ ಸುಲಿಯಿತು.

"ಮಳೆಗಾಲದಲ್ಲಿ ನಮಗೆ ಇದೇ ಆಂಬುಲೆನ್ಸು, ಸಾಹೇಬ," ಎಂದರು ಕಾಕಾ. ಘಾಟ್‌ಘರಿಗೆ ರಸ್ತೆ ಇದೆ, ಆದರೆ ಇಳಿಜಾರುಗಳಲ್ಲಿ ಅಲ್ಲಲ್ಲಿ ಚದುರಿದ ವಾಡಿಗಳಿಗೆ ಇಲ್ಲ. ಬಸುರಿಯರನ್ನು, ಹಾವು ಕಚ್ಚಿದವರನ್ನು ಝೋಳಿಯಲ್ಲೇ ರಸ್ತೆಗೆ ತರುವುದು. ಕೇಳುತ್ತಿದ್ದಂತೆ ನಮಗೆ ನೆನಪಾದದ್ದು ನಮ್ಮದೇ ಖಾನಾಪುರ ತಾಲೂಕಿನ ಆಮಗಾಂವ. 2024ರ ಮಳೆಗಾಲದಲ್ಲಿ ಅಲ್ಲಿಯ ಒಬ್ಬ ಹೆಣ್ಣುಮಗಳನ್ನು ಊರವರು ಹೀಗೆಯೇ ಹೊತ್ತು ಕಾಡು ದಾಟಿಸಿದ ಚಿತ್ರ ಪತ್ರಿಕೆಗಳಲ್ಲಿ ಬಂದಿತ್ತು. ಆಕೆ ಉಳಿಯಲಿಲ್ಲ. ಮಂಚಲು, ಡೋಲಿ, ದಂಡಿಗಳಲ್ಲಿ ಅಧಿಕಾರಸ್ಥರು ಇಳಿದುಹೋದ ಮೇಲೆ, ಘಟ್ಟದ ಜನ ಆ ಬಟ್ಟೆಯನ್ನೂ ಆ ಗಳುವನ್ನೂ ತಮ್ಮವರಿಗಾಗಿ ಉಳಿಸಿಕೊಂಡಿದ್ದಾರೆ. ಬೇರೆ ದಾರಿ ಇದ್ದಿದ್ದರೆ ಉಳಿಸಿಕೊಳ್ಳುತ್ತಿರಲಿಲ್ಲ.

ಮೇಲೆ ಗಾಡಿಯ ಬಳಿ ಅವರನ್ನು ಇಳಿಸಿದಾಗ ಬಿಸಿಲು ಏರಿತ್ತು. ಎಷ್ಟು ಕೊಡಬೇಕೆಂದು ನಾವು ಐವರೂ ಬದಿಗೆ ಸರಿದು ಕನ್ನಡದಲ್ಲಿ ಚರ್ಚಿಸಿದೆವು. ಪುಣೆಯ ದಿನಗೂಲಿಯ ಲೆಕ್ಕ ಹಿಡಿಯಬೇಕೇ, ಆಂಬುಲೆನ್ಸಿನ ಬಾಡಿಗೆಯ ಲೆಕ್ಕವೇ, ಕಡಿಮೆ ಕೊಟ್ಟರೆ ಬಿಟ್ಟಿಯಾಗುತ್ತದೆ, ಹೆಚ್ಚು ಕೊಟ್ಟರೆ ಭಿಕ್ಷೆಯಂತಾಗುತ್ತದೆ. ಕೊನೆಗೆ ದರ ಎಷ್ಟೆಂದು ಅವರನ್ನೇ ಕೇಳಿದೆವು. ಝೋಳಿಗೆ ದರ ಇಲ್ಲ ಎಂದರು. ಕೈಗೆ ತುರುಕಿದ ಹಣದಲ್ಲಿ ಜೊತೆಗೆ ಬಂದ ಹುಡುಗರಿಗೆಂದು ಸ್ವಲ್ಪ ತೆಗೆದುಕೊಂಡು ಉಳಿದದ್ದನ್ನು ಹಿಂದಿರುಗಿಸಿದರು. ಆಮೇಲೆ ತುಸು ಸಂಕೋಚದಿಂದ, ಈ ಬಟ್ಟೆ ಮಳೆಯಲ್ಲಿ ನೆನೆದರೂ ಕಂಬಳಿಯಂತೆ ಭಾರವಾಗುವುದಿಲ್ಲವಲ್ಲ ಎಂದು ಕೇಳಿದರು. ಆಗುವುದಿಲ್ಲ, ಬೇಗ ಆರುತ್ತದೆ ಎಂದೆವು. ಹಾಗಾದರೆ ಇದನ್ನು ಬಿಟ್ಟುಹೋಗುತ್ತೀರಾ ಎಂದರು.

ಮಡಚಿ ಕೊಟ್ಟೆವು. ಮರಕ್ಕೆ ಕಟ್ಟುವ ಪಟ್ಟಿಗಳನ್ನೂ ಅದರ ಮೇಲಿಟ್ಟೆವು. ಕಾಕಾ ಅವನ್ನು ತಿರುಗಿಸಿ ಮುರುಗಿಸಿ ನೋಡಿದರು. ಇವು ಬೇಡ, ನಮಗೆ ಬಿದಿರು ಸಾಕು ಎಂದು ಪಟ್ಟಿಗಳನ್ನು ನೀಟಾಗಿ ಸುತ್ತಿ ನಮ್ಮ ಕೈಗೆ ವಾಪಸು ಕೊಟ್ಟರು.